ಹುಲಿಕೆರೆ ಟಿಸಿಯ ಒಡೆದ ಗಾಜು

ಟಿಸಿಯ ಕೆಳಗೆ ಮನುಷ್ಯ ಬಿದ್ದಿದ್ದ. ಅವನ ಸುತ್ತ ಎಣ್ಣೆ. ಎಣ್ಣೆಯ ಸುತ್ತ ಇಡೀ ಹುಲಿಕೆರೆ.

ಟ್ರಾನ್ಸ್‌ಫಾರ್ಮರ್ ಎಂದು ನಮ್ಮ ಕಡೆ ಯಾರೂ ಬಾಯಿತುಂಬ ಹೇಳುವುದಿಲ್ಲ, ಟಿಸಿ ಎಂದರೆ ಮುಗಿಯಿತು. ಎರಡು ಕಂಬಗಳ ನಡುವೆ ಕೂತಿದ್ದ ಆ ಟಿಸಿಯ ಕೆಳಗಿನ ವಾಲ್ವ್ ತೆರೆದುಕೊಂಡಿತ್ತು. ಎಣ್ಣೆ ಇನ್ನೂ ತೊಟ್ಟಿಕ್ಕುತ್ತಿತ್ತು. ಒಳಗೆ ಎಣ್ಣೆ ಎಷ್ಟಿದೆ ಎಂದು ತೋರಿಸಲು ಪಕ್ಕದಲ್ಲೊಂದು ಗಾಜಿನ ಕೊಳವೆ ಇರುತ್ತದೆ. ಅದು ಒಡೆದು ಚೂರಾಗಿತ್ತು. ಬಿದ್ದವನ ತಲೆಯ ಹಿಂಭಾಗದಲ್ಲಿ ರಕ್ತ ಹೆಪ್ಪುಗಟ್ಟಿತ್ತು. ಕೈಯ ಹತ್ತಿರ ಸ್ಪ್ಯಾನರ್ ಇತ್ತು. ಉಸಿರಾಡುತ್ತಿದ್ದ, ಅಷ್ಟೇ.

ಮುಖ ನೋಡಿದ ಕೂಡಲೇ ಗುರುತು ಸಿಕ್ಕಿತು. ಹಳೇಬೀಡಿನ ಲೈನ್‌ಮ್ಯಾನ್ ಚನ್ನೇಶ್. ಠಾಣೆಯಲ್ಲಿ ಫ್ಯೂಸ್ ಹೋದರೆ ಊಟ ಬಿಟ್ಟು ಬರುತ್ತಿದ್ದ ಹುಡುಗ.

"ಕಳ್ಳ ಕಣ್ರೀ ಇವನು," ಎಂದು ಕರಿಬಸವಯ್ಯ ಊರಿಗೆಲ್ಲ ಕೇಳುವಂತೆ ಕೂಗಿದರು. ಅವರು ತೆಂಗಿನಕಾಯಿ ಮಂಡಿಯ ಯಜಮಾನರು, ಅವರ ಮಾತೆಂದರೆ ಊರಿನ ಮಾತು. "ಎಣ್ಣೆ ಕದಿಯಾಕೆ ಬಂದು ಮೇಲಿಂದ ಬಿದ್ದವ್ನೆ. ನಮ್ಮ ಮೋಟರೆಲ್ಲ ನಿಂತೋಗೈತೆ."

ಸುತ್ತಲಿದ್ದವರೆಲ್ಲ ತಲೆಯಾಡಿಸಿದರು. ಹಳೇಬೀಡಿನ ಸುತ್ತಮುತ್ತ ಟಿಸಿ ಎಣ್ಣೆ ಕಳುವಾದದ್ದು ಇದು ಮೂರನೆಯ ಸಲ. ಹಿಂದಿನ ಎರಡರಲ್ಲೂ ಹೀಗೇ ಗಾಜು ಒಡೆದಿತ್ತು, ಕಳ್ಳ ಸಿಕ್ಕಿರಲಿಲ್ಲ. ಈ ಸಲ ಕೈಗೇ ಸಿಕ್ಕಿದ್ದ. ಯಾರೋ ಒಬ್ಬ ಒದೆಯಲು ಕಾಲೆತ್ತಿದಾಗ ನಮ್ಮ ಎಸ್‌ಐ ಹೇಮಾಶ್ರೀ ಮೇಡಂ ನಡುವೆ ನುಗ್ಗಿ ನಿಂತರು. ಠಾಣೆಗೆ ಹೊಸಬರು, ಸಣ್ಣ ಆಳು, ಆದರೆ ನಿಂತರೆ ಪಕ್ಕಕ್ಕೆ ಸರಿಸುವುದು ಸುಲಭವಲ್ಲ. ಹೆಡ್ ಕಾನ್‌ಸ್ಟೆಬಲ್ ಆಗಿ ನಾನು ಬಹಳ ಅಧಿಕಾರಿಗಳನ್ನು ಕಂಡಿದ್ದೇನೆ. ಅಪರಾಧ ನಡೆದ ಜಾಗದಲ್ಲಿ ಹೆಚ್ಚಿನವರು ಫೋನು ನೋಡುತ್ತಾರೆ. ಮೇಡಂ ಮಂಡಿಯೂರಿ ಕೂತು ಚನ್ನೇಶನ ಎರಡೂ ಅಂಗೈ ಬಿಡಿಸಿ ನೋಡಿದರು.

"ಭೀಮರಾಜ್, ಇಲ್ಲಿ ನೋಡಿ. ಬೆನ್ನೆಲ್ಲ ಎಣ್ಣೆ. ಅಂಗೈ ಒಣಗಿದೆ."

ನಾನು ನೋಡಿದೆ. ನಿಜ. ಆದರೆ ಅದರಿಂದೇನು ಎಂದು ನನಗೆ ತಟ್ಟನೆ ಹೊಳೆಯಲಿಲ್ಲ, ಹೊಳೆದವನಂತೆ ತಲೆದೂಗಿದೆ. ಆಂಬುಲೆನ್ಸ್ ಬಂದು ಚನ್ನೇಶನನ್ನು ಹಾಸನಕ್ಕೆ ಕರೆದೊಯ್ದಿತು. ಹಾಸಿಗೆಯ ಪಕ್ಕ ಒಬ್ಬ ಕಾನ್‌ಸ್ಟೆಬಲನ್ನು ಕಾವಲು ಕೂರಿಸಿದೆವು.

* * *

ಚನ್ನೇಶನ ಮನೆಯನ್ನು ಶೋಧಿಸಿದಾಗ ಒಂದು ಕ್ಯಾನ್ ಸಿಕ್ಕಿತು. ಅರ್ಧದಷ್ಟು ಟಿಸಿ ಎಣ್ಣೆ. ಜೊತೆಗೆ ಸಣ್ಣ ಸಣ್ಣ ಖಾಲಿ ಬಾಟಲಿಗಳು.

ಪ್ರಕರಣ ಮುಗಿಯಿತು ಎಂದುಕೊಂಡೆ. ಬೇಸರವಾಯಿತು. ಅವನ ಹೆಂಡತಿ ಮಂಜುಳಾ ಮಾತ್ರ ಅಳಲೂ ಇಲ್ಲ, ಗೋಗರೆಯಲೂ ಇಲ್ಲ. ಅದು ಮುದುಕಿಯರ ಮಂಡಿನೋವಿಗೆ ಎಂದಳು. ಹಳೆಯ ಟಿಸಿ ಬಿಚ್ಚಿದಾಗ ಉಳಿದ ಎಣ್ಣೆಯನ್ನು ಅವನು ತಂದಿಟ್ಟು, ಕೇಳಿದವರಿಗೆ ಕೊಡುತ್ತಿದ್ದನಂತೆ.

ಇದು ಸುಳ್ಳಲ್ಲ. ಟಿಸಿ ಎಣ್ಣೆ ಹಚ್ಚಿ ತಿಕ್ಕಿದರೆ ಮಂಡಿ ಸಡಿಲವಾಗುತ್ತದೆ ಎಂದು ನಮ್ಮ ಕಡೆ ಹಳಬರಿಗೆಲ್ಲ ಗಟ್ಟಿ ನಂಬಿಕೆ. ಚರ್ಮಕ್ಕೆ ಒಳ್ಳೆಯದಲ್ಲ ಎಂದು ಡಾಕ್ಟರು ಎಷ್ಟು ಬಡಿದುಕೊಂಡರೂ ಕೇಳುವವರಿಲ್ಲ. ನನ್ನ ಅತ್ತೆಯೇ ಹಚ್ಚುತ್ತಿದ್ದರು, ಮನೆಯೆಲ್ಲ ಸಬ್‌ಸ್ಟೇಷನ್ ವಾಸನೆ.

ಹೊರಡುವಾಗ ಮಂಜುಳಾ ಬಾಗಿಲಿಗೆ ಬಂದಳು.

"ಮೇಡಂ, ಎಂಟು ವರ್ಷದಿಂದ ಕಂಬ ಹತ್ತವ್ರೆ. ಈ ವರ್ಷ ಕೆಲಸ ಕಾಯಂ ಆಗೋದೈತೆ. ಕಳ್ಳ ಅನ್ನೋ ಹೆಸರು ಹೊತ್ಕೊಂಡು ಎದ್ದರೆ ಆ ಮನುಷ್ಯ ಬದುಕಲ್ಲ. ಅವರು ಕಣ್ಣು ಬಿಡೋದ್ರೊಳಗೆ ಕಳ್ಳನ್ನ ಹಿಡ್ಕೊಡಿ."

ಜೀಪಿನಲ್ಲಿ ಕೂತ ಮೇಲೆ ಮೇಡಂ, ವಾಲ್ವ್ ತಿರುಗಿಸಿ ಎಣ್ಣೆ ಇಳಿಸಿದವನ ಅಂಗೈ ಒಣಗಿರುವುದು ಹೇಗೆ ಎಂದು ಕೇಳಿದರು. ಆಗ ನನಗೆ ಹೊಳೆಯಿತು. ಸ್ವಲ್ಪ ತಡವಾಗಿ.

* * *

ಮೊದಲು ಸಿಕ್ಕಿದ್ದು ರವಿಕುಮಾರ್ ಎಂಬ ಗೂಡ್ಸ್ ಆಟೊದವನು. ಎಣ್ಣೆ ಕ್ಯಾನ್ ತುಂಬಿದ ಆಟೊ ಮುಂಜಾನೆ ಹುಲಿಕೆರೆ ರಸ್ತೆಯಲ್ಲಿ ಹೋದದ್ದನ್ನು ಹಾಲಿನವನು ನೋಡಿದ್ದ. ನಾವು ಬೇಲೂರಿನಲ್ಲಿ ಬಸ್ ನಿಲ್ದಾಣದ ಹಿಂದೆ ಅವನನ್ನು ಅಡ್ಡಗಟ್ಟಿದೆವು. ನಮ್ಮನ್ನು ಕಂಡು ಅವನು ಇಳಿದು ಓಡಿದ. ಹಿಂದೆ ನಾನು. ನನ್ನ ವಯಸ್ಸಿಗೆ ಅದು ಬೇಕಿರಲಿಲ್ಲ. ಹೂವಿನ ಅಂಗಡಿಯ ಹತ್ತಿರ ಅವನ ಚಪ್ಪಲಿ ಕಿತ್ತುಹೋದದ್ದರಿಂದ ನನ್ನ ಮಾನ ಉಳಿಯಿತು.

ಆಟೊದ ಹಿಂದೆ ಸಾಲಾಗಿ ಕ್ಯಾನುಗಳು, ಎಲ್ಲದರಲ್ಲೂ ಕಪ್ಪೆಣ್ಣೆ. ಸಿಕ್ಕಿಬಿದ್ದ ಎಂದು ನಾನು ಮೀಸೆ ತಿರುವುತ್ತಿರುವಾಗ ಮೇಡಂ ಒಂದರ ಮುಚ್ಚಳ ತೆಗೆದು ಮೂಸಿದರು, ನನಗೂ ಮೂಸಲು ಹೇಳಿದರು.

ಮೆಣಸಿನಕಾಯಿ ಬಜ್ಜಿ. ಸಂಶಯವೇ ಇಲ್ಲ. ನನ್ನ ಹೊಟ್ಟೆ ಅಲ್ಲಿಯೇ ತಾಳ ಹಾಕಿತು.

ಅವನು ಹೋಟೆಲುಗಳಲ್ಲಿ ಕರಿದು ಬಿಟ್ಟ ಎಣ್ಣೆಯನ್ನು ಕೊಂಡು, ಡೀಸೆಲ್ ಮಾಡುವ ಕಡೆಗೆ ಸಾಗಿಸುತ್ತಿದ್ದ. ಓಡಿದ್ದು ಇನ್ಶೂರೆನ್ಸ್ ಮುಗಿದಿತ್ತೆಂದು. ಆದರೂ ಅವನಿಂದ ಒಂದು ವಿಷಯ ತಿಳಿಯಿತು. ಟಿಸಿ ಎಣ್ಣೆಯನ್ನು ಕದ್ದ ಹಾಗೆಯೇ ಮಾರಲಾಗುವುದಿಲ್ಲ, ಅದನ್ನು ಮೊದಲು ಶುದ್ಧಿ ಮಾಡಬೇಕು, ಈ ಭಾಗದಲ್ಲಿ ಆ ಮೆಷಿನ್ ಇರುವುದು ಅರಸೀಕೆರೆಯ ಒಂದೇ ವರ್ಕ್‌ಶಾಪಿನಲ್ಲಿ ಎಂದ.

* * *

ಜಾವಗಲ್ ದಾಟಿ ಅರಸೀಕೆರೆ ಮುಟ್ಟಿದೆವು. ವರ್ಕ್‌ಶಾಪಿನ ಮಾಲೀಕ ಶರತ್ಚಂದ್ರ ಇಂಜಿನಿಯರಿಂಗ್ ಓದಿದವನು. ಸುಟ್ಟ ಟಿಸಿಗಳನ್ನು ರಿಪೇರಿ ಮಾಡಿ, ಹಳೆಯ ಎಣ್ಣೆಯನ್ನು ಶುದ್ಧಿ ಮಾಡಿ ತುಂಬಿ, ಊರುಗಳಿಗೆ ವಾಪಸು ಕಳಿಸುವ ಗುತ್ತಿಗೆ ಅವನದು. ಹುಲಿಕೆರೆಯ ಟಿಸಿಯೂ ಅದೇ ದಿನ ಲಾರಿಯಲ್ಲಿ ಅಲ್ಲಿಗೆ ಬಂದು, ಅಷ್ಟರಲ್ಲಾಗಲೇ ಬಿಚ್ಚಿಹೋಗಿತ್ತು.

ಮೆಷಿನ್ ತೋರಿಸಿ ಎಂದು ಮೇಡಂ ಕೇಳಿದ್ದೇ ತಡ, ಅವನಿಗೆ ಉತ್ಸಾಹ ಬಂತು. ಒಂದು ಕಡೆಯಿಂದ ಕಷಾಯದಂಥ ಎಣ್ಣೆ ಒಳಗೆ ಹೋಗುತ್ತದೆ. ಹೀಟರ್ ಅದನ್ನು ಕಾಯಿಸುತ್ತದೆ. ಪಂಪು ಅದರಲ್ಲಿರುವ ನೀರಿನಂಶವನ್ನು ಆವಿಯಾಗಿ ಎಳೆದುಬಿಡುತ್ತದೆ. ಒಂದರ ಹಿಂದೊಂದು ಫಿಲ್ಟರ್ ಮಸಿಯನ್ನು ಹಿಡಿಯುತ್ತದೆ. ಜೇಡಿಮಣ್ಣಿನಂಥ ಪುಡಿ ತುಂಬಿದ ಉರುಳೆಯಲ್ಲಿ ಬಣ್ಣವೂ ಇಳಿದು, ಇನ್ನೊಂದು ಕಡೆಯಿಂದ ಜೇನುಬಣ್ಣದ ಎಣ್ಣೆ ಬರುತ್ತದೆ. ಒಂದು ಬಟ್ಟಲಿಗೆ ಕಪ್ಪೆಣ್ಣೆ ಹಾಕಿ, ಅದರೊಳಗಿನ ಎರಡು ಹಿತ್ತಾಳೆ ಗುಂಡುಗಳಿಗೆ ಕರೆಂಟ್ ಕೊಟ್ಟ. ಚಟ್ ಎಂದು ಕಿಡಿ ಹಾರಿತು. ಶುದ್ಧ ಎಣ್ಣೆಗೆ ಅದರ ಎರಡರಷ್ಟು ಕೊಟ್ಟರೂ ತಣ್ಣಗಿತ್ತು. ನಾನು ಸರ್ಕಸ್ ನೋಡುವವನ ಹಾಗೆ ಬಾಯಿ ಬಿಟ್ಟುಕೊಂಡು ನೋಡಿದೆ.

ಗಾಜಿನ ಕೊಳವೆಯ ತುದಿಯವರೆಗೂ ಎಣ್ಣೆ ತುಂಬುತ್ತೀರಾ ಎಂದು ಮೇಡಂ ಕೇಳಿದರು.

"ಇಲ್ಲ ಮೇಡಂ, ಸ್ವಲ್ಪ ಜಾಗ ಬಿಡಲೇಬೇಕು. ಲೋಡ್ ಬಿದ್ದು ಬಿಸಿ ಆದ್ರೆ ಎಣ್ಣೆ ಹಿಗ್ಗುತ್ತೆ. ಬೆಳಿಗ್ಗೆ ಕೆಳಗಿದ್ರೆ ಮಧ್ಯಾಹ್ನ ಮೇಲಿರುತ್ತೆ. ಗಾಜು ನೋಡಿದ್ರೆ ಗೊತ್ತಾಗುತ್ತೆ."

ಆಮೇಲೆ ತಾನಾಗಿಯೇ ಫೋನು ತೆಗೆದು ತೋರಿಸಿದ. ಘಟನೆಯ ಹಿಂದಿನ ದಿನ ಚನ್ನೇಶ್ ಅವನಿಗೆ ಫೋನು ಮಾಡಿದ್ದ. ಎಣ್ಣೆ ಇದೆ, ಕೊಂಡುಕೊಳ್ಳುತ್ತೀರಾ ಎಂದು ಕೇಳಿದನಂತೆ. ಇವನು ಬೈದು ಫೋನಿಟ್ಟನಂತೆ. "ಪಾಪ, ಬಡವ. ಆಸೆಗೆ ಬಿದ್ದ," ಎಂದು ನಿಟ್ಟುಸಿರು ಬಿಟ್ಟ.

ಚನ್ನೇಶನ ಕಥೆ ಮುಗಿಯಿತು ಎಂದು ವಾಪಸು ಬರುವಾಗ ನಾನೇ ಅಂದೆ. ಮೇಡಂ ಕಿಟಕಿಯ ಹೊರಗೆ ನೋಡುತ್ತ, ಕಳ್ಳನಿಗೆ ಬೇಕಾದದ್ದು ಕೆಳಗಿನ ವಾಲ್ವ್ ಅಲ್ಲವೇ, ಮೂರು ಕಡೆಯೂ ಮೇಲಿನ ಗಾಜನ್ನು ಏಕೆ ಒಡೆದ ಎಂದರು. ಗಾಜು ಒಡೆದರೆ ಸದ್ದಾಗುತ್ತದೆ. ಸದ್ದಾದರೆ ಜನ ಬರುತ್ತಾರೆ. ಯಾವ ಕಳ್ಳನಿಗೂ ಅದು ಬೇಡ.

* * *

ಉತ್ತರ ತಾನಾಗಿ ಠಾಣೆಗೆ ನಡೆದು ಬಂತು, ಕೋಲೂರಿಕೊಂಡು.

ಹುಲಿಕೆರೆಯ ಸಣ್ಣತಾಯಮ್ಮನಿಗೆ ವಯಸ್ಸು ಎಂಬತ್ತರ ಮೇಲೆ. ಚನ್ನೇಶ ಕಳ್ಳನಲ್ಲ ಎಂದು ಹೇಳಲು ಬಸ್ಸು ಹತ್ತಿ ಬಂದಿದ್ದಳು. ಊರಿನಲ್ಲಿ ಹೇಳಿದರೆ ಯಾರೂ ಕೇಳಲಿಲ್ಲವಂತೆ. ಮೇಡಂ ಕುರ್ಚಿ ಕೊಟ್ಟು, ಕಾಫಿ ತರಿಸಿ, ಮೊದಲಿನಿಂದ ಹೇಳಿಸಿದರು.

ಈ ಘಟನೆಗೆ ಮೊದಲು, ಊರಿಗೆ ಆ ಟಿಸಿ ರಿಪೇರಿಯಾಗಿ ಬಂದ ದಿನ ಎಲ್ಲ ಕಡೆಯ ಹಾಗೆ ಅಲ್ಲೂ ಪೂಜೆ ನಡೆದಿತ್ತು. ಹೂವಿನ ಹಾರ, ಕುಂಕುಮ, ತೆಂಗಿನಕಾಯಿ. ಲೈನ್ ಕೊಡುವ ಮೊದಲು ಸಣ್ಣತಾಯಮ್ಮ ಬಾಟಲಿ ಹಿಡಿದು ಚನ್ನೇಶನ ಮುಂದೆ ನಿಂತಳು. ಹೊಸ ಎಣ್ಣೆಗೆ ಹೆಚ್ಚು ಶಕ್ತಿಯಂತೆ. ಅವನು ನಗುತ್ತ ಮೇಲೆ ಹತ್ತಿದ.

"ಮೇಲುಗಡೆ ತಿರುಪು ಬಿಚ್ದ ಕಣವ್ವ. ಒಂದು ತೊಟ್ಟೂ ಬರ್ಲಿಲ್ಲ. ಪಕ್ಕದ ಗಾಜಲ್ಲಿ ನೋಡಿದ್ರೆ ತುಂಬ ಐತೆ. ಅವನು ಗಾಜನ್ನೇ ನೋಡ್ತಾ ನಿಂತ್ಕಂಡ. ವರ್ಕ್‌ಶಾಪಿಂದ ಟಿಸಿ ತಂದಿದ್ದೋನು, ಪೇಂಟ್ ಅಂಟ್ಕಂಡೈತೆ ಬಿಡ್ಲಾ ಅಂದ. ಇನ್ನೊಂದ್ ಸಲ ತಂದ್ಕೊಡ್ತೀನಿ ಅಜ್ಜಿ ಅಂತ ಚನ್ನೇಶ ಇಳ್ದ."

ಮೇಡಂ ಎದ್ದು ನಿಂತರು. ಅವರ ಮುಖದಲ್ಲಿ ಬಣ್ಣ ಏರಿತ್ತು. ಟಿಸಿಗೆ ಮೇಲೊಂದು, ಕೆಳಗೊಂದು ವಾಲ್ವ್ ಇರುತ್ತದೆ. ಗಾಜು ಹೇಳಿದಂತೆ ಟಿಸಿ ತುಂಬಿದ್ದರೆ ಮೇಲಿನದರಲ್ಲೂ ಎಣ್ಣೆ ಬರಬೇಕಿತ್ತು.

"ಭೀಮರಾಜ್, ಆ ವರ್ಕ್‌ಶಾಪಿಂದ ಬಂದು ಇನ್ನೂ ಕಳುವಾಗದ ಟಿಸಿ ಎಲ್ಲಿದೆ ಕೇಳಿ. ಕಳ್ಳತನ ಆಗೋದಕ್ಕೆ ಮುಂಚೆ ಹೋಗಿ ಹಿಡಿಯೋಣ."

* * *

ಬಸ್ತಿಹಳ್ಳಿಯ ಹೊಲಗಳ ನಡುವೆ ಒಂದಿತ್ತು. ಮರುದಿನ ಬೆಳಿಗ್ಗೆ ವಿದ್ಯುತ್ ಇಲಾಖೆಯ ಸೆಕ್ಷನ್ ಆಫೀಸರನ್ನೂ ಒಬ್ಬ ಲೈನ್‌ಮ್ಯಾನನ್ನೂ ಕರೆದುಕೊಂಡು ಹೋದೆವು. ಗಾಜು ಸರಿಯಾಗಿತ್ತು. ಅದರಲ್ಲಿ ಜೇನುಬಣ್ಣದ ಎಣ್ಣೆ ಮುಕ್ಕಾಲಿಗೆ ನಿಂತಿತ್ತು. ಸೆಕ್ಷನ್ ಆಫೀಸರ್ ಎಲ್ಲ ಸರಿಯಾಗಿದೆಯಲ್ಲ ಎಂದು ಗಡಿಯಾರ ನೋಡಿಕೊಂಡರು.

ಮೇಡಂ ಲೈನ್ ಆಫ್ ಮಾಡಿಸಿದರು. ಹಣೆಯ ಸ್ಟಿಕ್ಕರ್ ಬೊಟ್ಟು ತೆಗೆದು ಲೈನ್‌ಮ್ಯಾನ್ ಕೈಗೆ ಕೊಟ್ಟು, ಗಾಜಿನಲ್ಲಿ ಎಣ್ಣೆ ನಿಂತ ಗೆರೆಗೆ ಸರಿಯಾಗಿ ಅಂಟಿಸಿ ಬಾ ಎಂದರು. ಮತ್ತೆ ಲೈನ್ ಕೊಡಿಸಿದರು. ಸುತ್ತಲ ಮೋಟರೆಲ್ಲ ಓಡತೊಡಗಿದವು. ನಾವು ಜೋಳದ ಹೊಲದ ಬದುವಿನಲ್ಲಿ ಕೂತೆವು. ಬಿಸಿಲೇರಿತು. ಟಿಸಿ ಹೂಂಕರಿಸುತ್ತಿತ್ತು. ಮಧ್ಯಾಹ್ನದ ಹೊತ್ತಿಗೆ ಹತ್ತಿರ ನಿಂತರೆ ಮುಖಕ್ಕೆ ಒಲೆಯ ಮುಂದಿನಂಥ ಝಳ ಹೊಡೆಯುತ್ತಿತ್ತು.

ಎಣ್ಣೆಯ ಗೆರೆ ಬೊಟ್ಟಿನ ಮೇಲೆಯೇ ಇತ್ತು. ಕೂದಲೆಳೆಯಷ್ಟೂ ಮೇಲೇರಿರಲಿಲ್ಲ.

ಬಿಸಿಯಾದರೆ ಎಣ್ಣೆ ಮೇಲೇರುತ್ತದೆ ಎಂದು ಶರತ್ಚಂದ್ರನೇ ಪಾಠ ಹೇಳಿದ್ದ. ಸೆಕ್ಷನ್ ಆಫೀಸರ್ ಗಡಿಯಾರ ನೋಡುವುದನ್ನು ಬಿಟ್ಟರು. ಲೈನ್ ಆಫ್ ಮಾಡಿಸಿ, ಬಿಸಿ ಆರುವವರೆಗೆ ಕಾದು, ಮುಚ್ಚಳ ಬಿಚ್ಚಿದರು. ನಾನೂ ಏಣಿ ಹತ್ತಿ ಇಣುಕಿದೆ. ಎಣ್ಣೆ ಅರ್ಧಕ್ಕಿಂತ ಕೆಳಗಿತ್ತು, ಕಷಾಯದ ಹಾಗೆ ಕಪ್ಪಗೆ. ಮೇಲಿನ ಅರ್ಧ ಒಣಗಿತ್ತು. ಮೇಡಂ ಒಳಗೋಡೆಗೆ ಬೆರಳು ತಿಕ್ಕಿ ತೋರಿಸಿದರು. ಬೆರಳಿಗೆ ಅಂಟಿದ್ದು ಕೆಂಪು ತುಕ್ಕಿನ ಪುಡಿ.

"ನಿಮ್ಮನೇಲಿ ಎಣ್ಣೆ ಡಬ್ಬ ಖಾಲಿ ಆದ್ಮೇಲೆ ಒಳಗೆ ಕೈ ಹಾಕಿದೀರಾ?" ಎಂದು ನನ್ನನ್ನು ಕೇಳಿದರು. "ಕುತ್ತಿಗೆವರೆಗೂ ಜಿಡ್ಡಿರುತ್ತೆ. ಇಲ್ಲಿ ಎಣ್ಣೆ ಯಾವತ್ತೂ ಮುಟ್ಟೇ ಇಲ್ಲ."

ಗಾಜಿನ ಕೊಳವೆ ಬಿಚ್ಚಿದಾಗ ಗುಟ್ಟು ಪೂರ್ತಿ ಹೊರಬಿತ್ತು. ಟ್ಯಾಂಕಿಗೂ ಗಾಜಿಗೂ ನಡುವಿನ ತೂತುಗಳನ್ನು ಗಟ್ಟಿ ಅಂಟಿನಿಂದ ಮುಚ್ಚಿ, ಗಾಜಿಗೆ ಮಾತ್ರ ಒಂದು ಲೋಟ ಶುದ್ಧ ಎಣ್ಣೆ ತುಂಬಲಾಗಿತ್ತು. ಒಳಗೆ ಅರ್ಧ ಹೊಟ್ಟೆ, ಹೊರಗೆ ತುಂಬಿದ ಗಾಜು. ಎಲ್ಲರ ಕಣ್ಣಿಗೂ ಹೀಗೆ ಮಣ್ಣೆರಚಿದ್ದ.

ನಾನು ಜೀಪಿನ ಕಡೆ ಓಡಿದೆ, ಹೋಗಿ ಕೊರಳಪಟ್ಟಿ ಹಿಡಿಯಲು. ಮೇಡಂ ತಡೆದರು. ಇದರಿಂದ ಮೋಸ ಸಾಬೀತಾಗುತ್ತದೆ, ಚನ್ನೇಶನ ತಲೆಗೆ ಹೊಡೆದವರು ಯಾರು ಎಂಬುದಲ್ಲ. ಅದಕ್ಕೆ ಅವನಾಗಿಯೇ ಇಲ್ಲಿಗೆ ಬರಬೇಕು. ಟಿಸಿಗೆ ಕುತ್ತಿಗೆವರೆಗೆ ಒಳ್ಳೆಯ ಎಣ್ಣೆ ತುಂಬಿಸಿ, ಅಂಟು ಕೆರೆಸಿ, ಗಾಜನ್ನು ಮೊದಲಿನಂತೆ ಕೂರಿಸಲು ಹೇಳಿದರು. ಆಮೇಲೆ ನನ್ನ ಕೈಯಲ್ಲಿ ಶರತ್ಚಂದ್ರನಿಗೆ ಫೋನು ಮಾಡಿಸಿದರು. ಬಸ್ತಿಹಳ್ಳಿ ಟಿಸಿಯನ್ನು ನಾಳೆ ಬೆಳಿಗ್ಗೆ ಇಲಾಖೆಯವರು ಬಿಚ್ಚಿ ನೋಡುತ್ತಾರೆ, ತಾವೂ ಬಂದರೆ ಅನುಕೂಲ ಎಂದು ವಿನಯದಿಂದ ಹೇಳಿದೆ. ಖಂಡಿತ ಬರುತ್ತೇನೆ ಎಂದ.

* * *

ಸಂಜೆಯಾಯಿತು. ಹೊಲದಲ್ಲಿದ್ದವರು ಮನೆ ಸೇರಿದರು. ನಾವು ಜೋಳದ ನಡುವೆ ಕೂತಿದ್ದೆವು. ಗರಿ ಕುಯ್ದು ನನ್ನ ಕತ್ತೆಲ್ಲ ಉರಿಯುತ್ತಿತ್ತು. ಮೈಯೆಲ್ಲ ಕಿವಿಯಾಗಿತ್ತು.

ಇನ್ನೂ ಮಬ್ಬು ಬೆಳಕಿರುವಾಗಲೇ ಒಂದು ಕಾರು ಬಂದು ನಿಂತಿತು. ಇಳಿದವನು ಶರತ್ಚಂದ್ರ. ಒಬ್ಬನೇ. ಎರಡು ಕ್ಯಾನ್ ಇಳಿಸಿದ. ಆಚೀಚೆ ನೋಡಿ, ಕಂಬದ ಕೈಹಿಡಿ ಎಳೆದು ಲೈನ್ ಆಫ್ ಮಾಡಿದ. ಸರಸರನೆ ಮೇಲೆ ಹತ್ತಿದ. ಜೇಬಿನಿಂದ ಸುತ್ತಿಗೆ ತೆಗೆದ.

ಗಾಜಿಗೆ ಹೊಡೆದ.

ಅವನ ಲೆಕ್ಕದಲ್ಲಿ ಬರಬೇಕಾದದ್ದು ಒಂದು ಲೋಟ ಎಣ್ಣೆ. ಬಂದದ್ದು ಟಿಸಿಯ ತುಂಬ ಇದ್ದ ಎಣ್ಣೆ. ಬುಸ್ಸೆಂದು ಚಿಮ್ಮಿ ಮುಖಕ್ಕೆ, ಎದೆಗೆ, ಕಣ್ಣಿಗೆ ಹೊಡೆಯಿತು. ಅವನು ಕಿರುಚಿ ಕೈಬಿಟ್ಟು ಜಾರಿ ಕೆಳಗೆ ಬಿದ್ದ. ಎದ್ದು ಓಡಲು ನೋಡಿದ, ಮತ್ತೆ ಜಾರಿದ. ಯುಗಾದಿಯ ದಿನ ಎಣ್ಣೆ ಹಚ್ಚಿಸಿಕೊಂಡ ಮಗುವಿನ ಹಾಗೆ ಎಲ್ಲಿ ಹಿಡಿದರೂ ನುಣುಚಿಕೊಳ್ಳುತ್ತಿದ್ದ. ಕೊನೆಗೆ ನಾನು ಅವನ ಮೇಲೆ ಕೂತುಬಿಟ್ಟೆ. ಪೊಲೀಸ್ ಕೆಲಸ ನನಗೆ ಕೊಟ್ಟ ತೂಕ ಆ ದಿನ ಕೆಲಸಕ್ಕೆ ಬಂತು.

ಮೇಡಂ ನಿಧಾನವಾಗಿ ಬಂದು ಟಾರ್ಚ್ ಬಿಟ್ಟರು.

"ಟಿಸಿ ತುಂಬಿದೆ ಅಂತ ಅಷ್ಟು ಆಶ್ಚರ್ಯ ಯಾಕೆ ಸರ್? ನೀವೇ ತಾನೇ ತುಂಬಿ ಕಳಿಸಿದ್ದು?"

* * *

ಠಾಣೆಯಲ್ಲಿ ಮೇಡಂ ಎಲ್ಲವನ್ನೂ ಬಿಡಿಸಿ ಹೇಳಿದರು. ಅಸಲಿಗೆ ಎಣ್ಣೆಗಳ್ಳ ಎಂಬುವನೇ ಇರಲಿಲ್ಲ. ಶರತ್ಚಂದ್ರ ಟಿಸಿಗಳಿಗೆ ಶುದ್ಧಿ ಮಾಡದ ಕಪ್ಪೆಣ್ಣೆಯನ್ನು ಅರ್ಧ ತುಂಬಿ ಕಳಿಸುತ್ತಿದ್ದ. ಮೆಷಿನ್ನಿನಿಂದ ಬಂದ ಒಳ್ಳೆಯ ಎಣ್ಣೆ ಖಾಸಗಿಯವರಿಗೆ ಹೋಗುತ್ತಿತ್ತು. ಬೇಸಿಗೆಯ ಲೋಡಿಗೆ ಆ ಟಿಸಿ ಸುಟ್ಟರೆ ಬಿಚ್ಚಿ ನೋಡುತ್ತಾರೆ. ಅದಕ್ಕೆ ಮೊದಲೇ ತಾನೇ ಹೋಗಿ ಗಾಜು ಒಡೆದು, ಅಂಟು ಕಿತ್ತು, ವಾಲ್ವ್ ತೆರೆದು ಬರುತ್ತಿದ್ದ. ಕಳುವಾದ ಟಿಸಿ ನೇರವಾಗಿ ಅವನ ವರ್ಕ್‌ಶಾಪಿಗೇ ರಿಪೇರಿಗೆ ಬರುತ್ತಿತ್ತು. ಒಳಗಿನ ತುಕ್ಕನ್ನು ನೋಡುವವರು ಬೇರೆ ಯಾರೂ ಇರಲಿಲ್ಲ. ಎಲ್ಲ ಲೆಕ್ಕ ಹಾಕಿದ್ದ, ಪೂಜೆಯ ದಿನ ಬಾಟಲಿ ಹಿಡಿದು ಬರುವ ಮುದುಕಿಯೊಬ್ಬಳನ್ನು ಬಿಟ್ಟು.

ಉಳಿದೆರಡು ಕಡೆ ಕಳುವಾದ ಮೇಲೆ ಚನ್ನೇಶನಿಗೆ ಆ ದಿನ ಎಣ್ಣೆ ಬಾರದ ವಾಲ್ವ್ ನೆನಪಾಗಿತ್ತು. ಒಳ್ಳೆಯವನು, ಮೊದಲು ಮಾಲೀಕನಿಗೇ ಫೋನು ಮಾಡಿ ವಿಷಯ ಹೇಳಿದ. ಬೆಳಿಗ್ಗೆ ಬೇಗ ಬಾ, ಇಬ್ಬರೂ ನೋಡೋಣ, ಆಫೀಸಿಗೆ ಹೇಳಬೇಡ ಎಂದು ಇವನು ಕರೆಸಿಕೊಂಡ. ತಿರುಗಿ ನಿಂತಾಗ ಹಿಂದಿನಿಂದ ಹೊಡೆದ. ಗಾಯ ದುಂಡಗಿದೆ, ಸಣ್ಣ ಸುತ್ತಿಗೆಯದು ಎಂದು ಡಾಕ್ಟರು ಬರೆದಿದ್ದರು. ಅವನ ಸುತ್ತಿಗೆಯ ಹಿಡಿಯ ಬುಡದಲ್ಲಿ ರಕ್ತದ ಕಲೆ ಇತ್ತು. ಅದನ್ನು ಮೇಜಿನ ಮೇಲೆ ಇಟ್ಟ ಕೂಡಲೇ ಶರತ್ಚಂದ್ರ ತಲೆ ತಗ್ಗಿಸಿ ಎಲ್ಲವನ್ನೂ ಒಪ್ಪಿಕೊಂಡ.

* * *

ಚನ್ನೇಶ್ ಕಣ್ಣು ಬಿಟ್ಟಾಗ ಪಕ್ಕದಲ್ಲಿ ಪೊಲೀಸ್ ಕಾವಲು ಇರಲಿಲ್ಲ. ನಾವು ಹಾಸನಕ್ಕೆ ಹೋದಾಗ ಅವನು ಗಂಜಿ ಕುಡಿಯುತ್ತಿದ್ದ. ಮಾತು ನಿಧಾನ, ನೆನಪು ಸರಿಯಾಗಿತ್ತು. ಅದೇ ವರ್ಕ್‌ಶಾಪಿನ ಇನ್ನೊಂದು ಟಿಸಿ ಬಿಕ್ಕೋಡಿನ ಕಡೆ ಇದೆ, ಅಲ್ಲಿ ಲೈನ್ ಆಫ್ ಮಾಡಿಸಿ ಎಂದು ಮೊದಲು ಅದನ್ನೇ ಹೇಳಿದ. ನಾನು ಅಲ್ಲಿಂದಲೇ ಸೆಕ್ಷನ್ ಆಫೀಸರಿಗೆ ಫೋನು ಮಾಡಿದೆ.

ಆಗ ವಾರ್ಡಿನ ಬಾಗಿಲಲ್ಲಿ ಕರಿಬಸವಯ್ಯ ಕಾಣಿಸಿಕೊಂಡರು. ಹಿಂದೆ ಹುಲಿಕೆರೆಯ ನಾಲ್ಕು ಜನ. ಕೈಯಲ್ಲಿ ಎಳನೀರು. ಹೊಸಿಲು ದಾಟಲು ಕಾಲು ಬರುತ್ತಿರಲಿಲ್ಲ. ಮಂಜುಳಾ ಎದ್ದು ಅವರ ಮುಂದೆ ಹೋಗಿ ನಿಂತಳು.

"ಒಳಗೆ ಬನ್ನಿ ಯಜಮಾನ್ರೆ. ಕಳ್ಳ ಅಂತ ಅವತ್ತು ಊರಿಗೆಲ್ಲ ಕೇಳೋ ಹಂಗೆ ಕೂಗಿದ್ರಿ. ಅಲ್ಲ ಅನ್ನೋದನ್ನೂ ಅಷ್ಟೇ ಜೋರಾಗಿ ಹೇಳಿ."

ಕರಿಬಸವಯ್ಯ ಹೆಗಲ ಮೇಲಿನ ಟವಲ್ ತೆಗೆದು ಕೈಯಲ್ಲಿ ಹಿಡಿದರು. ಚನ್ನೇಶ ಕಳ್ಳನಲ್ಲ, ತಪ್ಪು ನಮ್ಮದು ಎಂದು ದನಿ ಎತ್ತಿ ಹೇಳಿದರು. ಕೊನೆಯ ಹಾಸಿಗೆಯ ರೋಗಿಯೂ ಎದ್ದು ಕೂತ. ಇದು ಆಸ್ಪತ್ರೆ, ಗಲಾಟೆ ಮಾಡಬೇಡಿ ಎಂದು ನರ್ಸ್ ಓಡಿಬಂದಳು.

"ಇರಲಿ ಸಿಸ್ಟರ್," ಎಂದರು ಹೇಮಾಶ್ರೀ ಮೇಡಂ. "ಇನ್ನೊಂದು ಸಲ ಹೇಳಲಿ."

ಅವರು ಇನ್ನೊಂದು ಸಲ ಹೇಳಿದರು. ಚನ್ನೇಶ್ ಗಂಜಿಯ ಲೋಟ ಕೆಳಗಿಟ್ಟು ಗೋಡೆಯ ಕಡೆ ಮುಖ ತಿರುಗಿಸಿ ಅತ್ತ. ಮಂಜುಳಾ ಅವನ ಬೆನ್ನ ಮೇಲೆ ಕೈಯಿಟ್ಟು ನಿಂತಿದ್ದಳು.